ಬಾಗಿಲ ಹಿಂದಿನ ವಾಕರ್, ಷೋಕೇಸಿನ ಕೋಲು

ಮನೆಗೆ ಹೋಗಿ ರೋಗಿಯನ್ನು ನೋಡಬೇಕಾದಾಗ ನನ್ನ ಕಣ್ಣು ಮೊದಲು ಹೋಗುವುದು ಬಾಗಿಲ ಹಿಂದಕ್ಕೆ. ವಾಕರ್ ಅಲ್ಲೇ ನಿಂತಿರುತ್ತದೆ. ಮಳೆಗಾಲವಾದರೆ ಅದರ ಮೇಲೆ ಒಣಗದ ಟವೆಲು, ಮೊಮ್ಮಕ್ಕಳ ಚಡ್ಡಿ. ಕೊಯ್ಲಿನ ಕಾಲವಾದರೆ ಅದಕ್ಕೆ ಆನಿಸಿಟ್ಟ ಅಡಿಕೆ ಚೀಲ. ಯಾರಿಗೆಂದು ತಂದರೋ ಅವರು ಮಾತ್ರ ಗೋಡೆ ಹಿಡಿದು, ಕಿಟಕಿಯ ಸರಳು ಹಿಡಿದು, ಕೊನೆಗೆ ಸೊಸೆಯ ಭುಜ ಹಿಡಿದು ಬಚ್ಚಲಿಗೆ ಹೋಗುತ್ತಿರುತ್ತಾರೆ. “ಎಷ್ಟು ಹೇಳಿದರೂ ಕೇಳುವುದಿಲ್ಲ ಡಾಕ್ಟರೇ, ಬರೀ ಹಠ” ಎಂದು ಮಗ ದೂರುತ್ತಾನೆ. ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ವೃತ್ತಿಗೆ ಕುಳಿತು 22 ವರ್ಷವಾಯಿತು. ಈ ‘ಹಠ’ ಎಂಬ ಮಾತು ಕೇಳಿದರೆ ಈಗ ನನಗೇ ರೇಗುತ್ತದೆ.

ಇದೇ ಮಗ ಮಗಳ ಮದುವೆಯ ಮಂಟಪದಲ್ಲಿ “ಅಪ್ಪಯ್ಯ, ಫೋಟೋ ಮುಗಿಯುವವರೆಗೆ ಆ ಕೋಲು ಆಚೆ ಇಡಿ” ಎಂದಿರುತ್ತಾನೆ. ಒಂದು ಫೋಟೋಗೆ ಬೇಡವಾದದ್ದು ವರ್ಷವಿಡೀ ಯಾಕೆ ಬೇಕು ಎಂದು ಅಪ್ಪಯ್ಯನಿಗೆ ಅನ್ನಿಸಿದರೆ ಅದು ಹಠವೇ?

ಮಲೆನಾಡಿನ ಗಂಡಸರು ಇದಕ್ಕೆ ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ: ಕೊಡೆ. ಬಾಗಿದ ಹಿಡಿಯ ಉದ್ದ ಕೊಡೆ ಕೈಯಲ್ಲಿದ್ದರೆ ಯಾರೂ ಮುದುಕನಲ್ಲ, ತೋಟಕ್ಕೆ ಹೊರಟ ಯಜಮಾನ. ನನಗೂ ಆ ಗತ್ತು ಇಷ್ಟ. ಆದರೆ ಕೊಡೆಯ ತುದಿಯಲ್ಲಿ ರಬ್ಬರ್ ಇಲ್ಲ, ಅದರ ಕಡ್ಡಿ ಮೈಭಾರ ತಾಳಲೆಂದು ಮಾಡಿದ್ದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಳೆ ಬಂದರೆ ಅದನ್ನು ಬಿಚ್ಚಬೇಕು. ಅಂಗಳದ ಪಾಚಿ ಜಾರುವ ಹೊತ್ತಿಗೇ ಸರಿಯಾಗಿ ಊರುಗೋಲು ತಲೆಯ ಮೇಲಿರುತ್ತದೆ! ಆಷಾಢದಲ್ಲಿ ಸೊಂಟ ಮುರಿದುಕೊಂಡು ಬರುವವರಲ್ಲಿ ಇಂಥ ಯಜಮಾನರು ಇದ್ದೇ ಇರುತ್ತಾರೆ.

ಸಾಗರದ ಕಡೆಯ ಒಬ್ಬ ಅಜ್ಜಿ ನನಗೆ ಈ ವಿಷಯದಲ್ಲಿ ಪಾಠ ಹೇಳಿದರು. ದೀವರ ಮನೆಯವರು, ಹರೆಯದಲ್ಲಿ ಊರಿನ ಮದುವೆ ಮನೆಗಳ ಗೋಡೆಗೆಲ್ಲ ಹಸೆ ಚಿತ್ತಾರ ಬರೆದ ಕೈ. ವಾಕರನ್ನು ಯಾಕೆ ಮುಟ್ಟುವುದಿಲ್ಲ ಎಂದು ಕೇಳಿದೆ. “ಅದನ್ನು ಹಿಡಿದು ಜಗಲಿಗೆ ಬಂದರೆ ಆಸ್ಪತ್ರೆಯಿಂದ ಓಡಿ ಬಂದವಳ ಹಾಗೆ ಕಾಣುತ್ತೇನೆ” ಎಂದರು. ಅವರ ಮಾತು ತಪ್ಪೇನಲ್ಲ. ಅಂಗಡಿಯಲ್ಲಿ ಸಿಗುವ ಆ ಬೂದು ಅಲ್ಯೂಮಿನಿಯಂ ಚೌಕಟ್ಟನ್ನು ನೋಡಿ. ಮನೆಯ ಯಾವ ವಸ್ತುವಿಗೂ ಅದು ನೆಂಟನಲ್ಲ. ನಾನು ತಮಾಷೆಗೆ, “ಹಾಗಾದರೆ ಚಿತ್ತಾರ ಬರೆಯಿರಿ” ಎಂದುಬಿಟ್ಟೆ. ಅಜ್ಜಿ ನಗಲಿಲ್ಲ. ಭೂಮಿ ಹುಣ್ಣಿಮೆಗೆ ಗದ್ದೆಗೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಗೆ ಬರೆಯುವುದಿಲ್ಲವೇ, ಅದೂ ಹೊರುವ ವಸ್ತುವೇ ತಾನೆ ಎಂದು ತಮ್ಮಷ್ಟಕ್ಕೇ ಲೆಕ್ಕ ಹಾಕಿದರು.

ಆ ವರ್ಷ ಬುಟ್ಟಿಯ ಜೊತೆಗೆ ವಾಕರಿಗೂ ಬಣ್ಣ ಬಿತ್ತು. ಮೊದಲ ಪ್ರಯತ್ನ ಕೆಟ್ಟಿತು. ಕೆಮ್ಮಣ್ಣು, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಇವೆಲ್ಲ ಮಣ್ಣಿನ ಗೋಡೆಗೆ, ಬಿದಿರಿನ ಬುಟ್ಟಿಗೆ ಹತ್ತುವ ಬಣ್ಣಗಳು. ನುಣುಪಾದ ಲೋಹದಿಂದ ಒಂದೇ ವಾರದಲ್ಲಿ ಹೊಪ್ಪಳಿಕೆಯಾಗಿ ಉದುರಿದವು. ಮೊಮ್ಮಗ ಉಪ್ಪು ಕಾಗದದಿಂದ ಉಜ್ಜಿ, ಪ್ರೈಮರ್ ಬಳಿದು, ಎನಾಮೆಲ್ ತಂದುಕೊಟ್ಟ. ಪುಂಡಿ ನಾರಿನ ಕುಂಚ ಮಾತ್ರ ಅಜ್ಜಿ ಬಿಡಲಿಲ್ಲ. ಈಗ ಅದು ಬಾಗಿಲ ಹಿಂದೆ ಇಲ್ಲ, ಜಗಲಿಯಲ್ಲಿದೆ. ಬಂದವರು ಮೊದಲು ಅದನ್ನು ನೋಡಿ ಆಮೇಲೆ ಅಜ್ಜಿಯ ಮಂಡಿ ವಿಚಾರಿಸುತ್ತಾರೆ. ಮೊದಲು ಹೀಗಿರಲಿಲ್ಲ, ಬಂದವರಿಗೆಲ್ಲ ಬರೀ ಮಂಡಿಯದೇ ಮಾತು.

ಬ್ರಿಟನ್ನಿನ ಕಲಾವಿದೆ ಸೂ ಆಸ್ಟಿನ್ ಹೇಳಿಕೊಂಡಿದ್ದೂ ಹೆಚ್ಚುಕಡಿಮೆ ಇದನ್ನೇ. 1996ರಲ್ಲಿ ಗಾಲಿಕುರ್ಚಿ ಬಂದಾಗ ಆಕೆಗೆ ಮತ್ತೆ ಬೀದಿಯಲ್ಲಿ ತಿರುಗಾಡುವ ಸ್ವಾತಂತ್ರ್ಯ ಸಿಕ್ಕಿತ್ತು, ಸುತ್ತಲಿನವರಿಗೆ ಮಾತ್ರ ಆಕೆ ಏನನ್ನೋ ಕಳೆದುಕೊಂಡವಳಂತೆ ಕಂಡಳು. ಆ ನೋಟವನ್ನು ಬದಲಿಸಲು ಆಕೆ ಆ ಕುರ್ಚಿಯನ್ನೇ ಕಲೆಯ ಸಾಮಗ್ರಿ ಮಾಡಿಕೊಂಡಳು. 2012ರಲ್ಲಿ ನೀರಿನಡಿ ಓಡುವ ಗಾಲಿಕುರ್ಚಿಯಲ್ಲಿ ಕುಳಿತು ಪಲ್ಟಿ ಹೊಡೆದಳು. ನೋಡಿದವರಿಗೆ ಅಂಥ ಕುರ್ಚಿ ತಮಗೂ ಬೇಕು ಅನ್ನಿಸಿತಂತೆ. ಮೆಕ್ಸಿಕೋದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೋ 1953ರಲ್ಲಿ ಕಾಲು ಕಳೆದುಕೊಂಡ ಮೇಲೆ ಕೃತಕ ಕಾಲಿಗೆ ತೊಡಿಸಿದ್ದು ಕಸೂತಿ ರೇಷ್ಮೆ ಹಚ್ಚಿದ ಕೆಂಪು ಬೂಟು. ಇವರ ಸುದ್ದಿ ಆ ಅಜ್ಜಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

ಇಷ್ಟು ಹೇಳಿದ ಮೇಲೆ ಎರಡನೆಯ ಜಾತಿಯವರ ಬಗ್ಗೆ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಇವರ ಮನೆಯಲ್ಲಿ ಕೋಲು ಬಾಗಿಲ ಹಿಂದೆ ಇರುವುದಿಲ್ಲ, ಷೋಕೇಸಿನಲ್ಲಿರುತ್ತದೆ. ನಿವೃತ್ತ ಮೇಷ್ಟರೊಬ್ಬರಿಗೆ ಶಿಷ್ಯರು ಗುಡಿಗಾರರ ಕೈಯಲ್ಲಿ ಕೆತ್ತಿಸಿದ ಊರುಗೋಲು ಕೊಟ್ಟರು. ಹಿಡಿಯಲ್ಲಿ ಆನೆಯ ತಲೆ, ಮೈ ತುಂಬ ಬಳ್ಳಿ. ಕಣ್ಣಿಗೆ ಹಬ್ಬ. ಮೇಷ್ಟರಿಗೆ ಅದು ನಾಲ್ಕು ಬೆರಳು ಉದ್ದವಾಗಿತ್ತು. ಊರಿದರೆ ಭುಜ ಕಿವಿಯ ಹತ್ತಿರ ಬರುತ್ತಿತ್ತು, ಕೈಗೆ ಭಾರ ಹಾಕಲು ಆಗುತ್ತಲೇ ಇರಲಿಲ್ಲ. “ಕತ್ತರಿಸಿ” ಎಂದೆ. ಮನೆಯವರೆಲ್ಲ ನಾನು ಆನೆಯ ಸೊಂಡಿಲನ್ನೇ ಕತ್ತರಿಸಲು ಹೇಳಿದೆನೇನೋ ಎಂಬಂತೆ ನೋಡಿದರು. ಕೋಲು ಶಾಲಿನ ಪಕ್ಕಕ್ಕೆ ಹೋಯಿತು, ಮೇಷ್ಟರು ಗೋಡೆ ಹಿಡಿದರು.

ಆದ್ದರಿಂದ ಬಿಡಿಸಿ ಹೇಳುತ್ತೇನೆ. ಕೋಲನ್ನು ಕತ್ತರಿಸಬೇಕು. ಮೇಲಿನಿಂದಲ್ಲ, ಕೆಳಗಿನಿಂದ. ದಿನವೂ ಹಾಕುವ ಚಪ್ಪಲಿಯಲ್ಲೇ ನೆಟ್ಟಗೆ ನಿಂತು, ತೋಳನ್ನು ಸಡಿಲವಾಗಿ ಇಳಿಬಿಟ್ಟರೆ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಹಿಡಿಯ ಮೇಲ್ಭಾಗ ಬರಬೇಕು. ಊರಿದಾಗ ಮೊಣಕೈ ಸುಮಾರು 20ರಿಂದ 30 ಡಿಗ್ರಿ ಮಡಿಸಿರಬೇಕು. ಅಳತೆಯನ್ನು ಇನ್ನೊಬ್ಬರು ತೆಗೆಯಲಿ. ತಾನೇ ಬಗ್ಗಿ ನೋಡಿಕೊಂಡರೆ ಭುಜ ಇಳಿದು ಲೆಕ್ಕ ತಪ್ಪುತ್ತದೆ. ರಬ್ಬರಿನ ದಪ್ಪವನ್ನೂ ಸೇರಿಸಿ, ಒಂದೇ ಸಲಕ್ಕೆ ಕತ್ತರಿಸದೆ ಸ್ವಲ್ಪ ಸ್ವಲ್ಪವೇ ಇಳಿಸಿ. ಕೆತ್ತಿಸುವವರು ಅಳತೆ ಕೊಟ್ಟೇ ಕೆತ್ತಿಸಿದರೆ ಈ ರಗಳೆಯೇ ಇಲ್ಲ. ಸೀರೆಯ ಕುಪ್ಪಸಕ್ಕೆ ಅಳತೆ ಕೊಡುವವರು ಮೈಭಾರ ಹೊರುವ ಕೋಲಿಗೆ ಯಾಕೆ ಕೊಡುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಬಣ್ಣ, ಕೆತ್ತನೆ ಎಲ್ಲಿ ಬೇಕಾದರೂ ಇರಲಿ, ಕೈ ಹಿಡಿಯುವ ಜಾಗಕ್ಕೆ ವಾರ್ನಿಷ್ ಬೇಡ. ಬೆವರಿಗೆ, ಮಳೆಗೆ ಜಾರುತ್ತದೆ. ಕುಚ್ಚು, ದಾರ ಇಳಿಬಿಡಬೇಡಿ, ಕಾಲಿಗೆ ಸಿಕ್ಕಿಕೊಳ್ಳುತ್ತದೆ. ವಾಕರಿನ ಕಾಲು ಎತ್ತರಿಸುವ ಗುಂಡಿಗಳ ಮೇಲೆ ಬಣ್ಣ ಕೂತರೆ ಅವು ಅಲುಗುವುದಿಲ್ಲ. ಯಾರಿಗೆ ಕೋಲು ಸಾಕು, ಯಾರಿಗೆ ವಾಕರೇ ಬೇಕು ಎಂಬುದನ್ನು ಇಲ್ಲಿ ಬರೆಯಲಾರೆ. ಪಾರ್ಶ್ವವಾಯು, ಪಾರ್ಕಿನ್ಸನ್, ಸೊಂಟದ ಶಸ್ತ್ರಚಿಕಿತ್ಸೆ ಆದವರನ್ನು ನಡೆಸಿ ನೋಡಿಯೇ ಹೇಳಬೇಕು. ಕೋಲನ್ನು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು ಎಂಬುದನ್ನು ಹೇಳಿ ಹೇಳಿ ಸಾಕಾಗಿದೆ, ಮತ್ತೆ ಹೇಳುವುದಿಲ್ಲ.

ಕಳೆದ ಮಾಘದಲ್ಲಿ ಅಜ್ಜಿಯ ಮನೆಗೆ ಹೋಗಿದ್ದೆ. ವಾಕರಿನ ಮೂರು ಕಾಲಿನ ಚಿತ್ತಾರ ಹಾಗೇ ಇತ್ತು, ಎಡಗಡೆಯ ಮುಂದಿನ ಕಾಲಿನದು ಮಾತ್ರ ಗೇಣುದ್ದ ಕಿತ್ತು ಹೋಗಿತ್ತು. ಬೂದು ಬಣ್ಣದ ಬರಿ ಚೌಕಟ್ಟಾಗಿದ್ದರೆ ನನಗೆ ಇದು ಕಾಣುತ್ತಲೇ ಇರಲಿಲ್ಲ. ಅಡುಗೆಮನೆಗೆ ನಡೆಸಿ ನೋಡಿದೆ. ಹೊಸ್ತಿಲು ದಾಟುವಾಗ ಎಡಗೈ ಪೂರ್ತಿ ಮೇಲೇಳುತ್ತಿಲ್ಲ, ಆ ಕಾಲು ಪ್ರತಿ ಸಲವೂ ಮರಕ್ಕೆ ಬಡಿಯುತ್ತಿದೆ. ಮಂಡಿಯ ಜೊತೆಗೆ ಎಡ ಭುಜವನ್ನೂ ನೋಡಬೇಕಾಗಿದೆ ಎಂದು ಚೀಟಿಯಲ್ಲಿ ಬರೆದೆ. ಹೊಸ್ತಿಲಿನ ಎರಡೂ ಬದಿಗೆ ಇಳಿಜಾರಿನ ಹಲಗೆ ಹಾಕಿಸಲು ಮಗನಿಗೆ ಹೇಳಿದೆ.

“ಹಲಗೆ ಯಾವಾಗ ಹಾಕಿಸುತ್ತೀಯೋ ಹೇಳು, ಅಲ್ಲಿಯವರೆಗೆ ಆ ಕಾಲಿಗೆ ಬರೆಯುವುದಿಲ್ಲ” ಎಂದರು ಅಜ್ಜಿ, ಮಗನನ್ನು ನೋಡಿ.