3.3 ವೋಲ್ಟ್ ಚಿಪ್‌ಗೆ 50 ವೋಲ್ಟ್ ಕೆಪಾಸಿಟರ್ ಯಾಕೆ?

ಪ್ರಶ್ನೆ: ಎಂಪಿಯು-6050 ಚಿಪ್ (ತಿರುಗುವ ವೇಗ ಅಳೆಯುವ ಗೈರೋ ಇದರೊಳಗಿದೆ) ಇರುವ ಜಿವೈ-521 ಬೋರ್ಡ್ ಬಳಸ್ತಿದ್ದೇನೆ. ಚಿಪ್‌ಗೆ ಸಿಗೋದು 3.3 ವೋಲ್ಟ್ ಮಾತ್ರ. ಆದರೆ ಡೇಟಾಶೀಟ್‌ನಲ್ಲಿ ಒಂದು ಪಿನ್‌ಗೆ 2.2 ನ್ಯಾನೋಫ್ಯಾರಡ್, 50 ವೋಲ್ಟ್‌ನ ಕೆಪಾಸಿಟರ್ ಹಾಕಿ ಅಂತ ಇದೆ. ಒಳಗೆ ಅಷ್ಟು ವೋಲ್ಟೇಜ್ ಹುಟ್ಟುತ್ತಾ? ಹುಟ್ಟಿದರೆ ಬ್ಯಾಟರಿ ಬೇಗ ಖಾಲಿಯಾಗಲ್ವಾ?

ಉತ್ತರ: 50 ಅನ್ನೋದು ಕೆಪಾಸಿಟರ್‌ನ ತಾಳಿಕೆ, ಒಳಗಿರುವ ವೋಲ್ಟೇಜ್ ಅಲ್ಲ. ಆದರೆ ನಿಮ್ಮ ಅನುಮಾನ ಸರಿಯಾಗಿದೆ. ಒಳಗೆ 3.3ಕ್ಕಿಂತ ತುಂಬಾ ಜಾಸ್ತಿ ವೋಲ್ಟೇಜ್ ತಯಾರಾಗುತ್ತದೆ. ಅನಲಾಗ್ ಡಿವೈಸಸ್ ಕಂಪನಿಯವರು 2002ರಲ್ಲಿ ತಂದ ಎಡಿಎಕ್ಸ್‌ಆರ್‌ಎಸ್150 ಗೈರೋ ನೋಡಿ. ಅದಕ್ಕೆ ಹೊರಗಿನಿಂದ ಕೊಡೋದು 5 ವೋಲ್ಟ್, ಒಳಗೆ ಅದು ಮಾಡಿಕೊಳ್ಳೋದು 14ರಿಂದ 16 ವೋಲ್ಟ್.

ಯಾಕೆ ಬೇಕು? ಗೈರೋ ಒಳಗೆ ಸಿಲಿಕಾನ್‌ನ ಒಂದು ಪುಟ್ಟ ತುಂಡು ಸದಾ ತೂಗಾಡುತ್ತಿರಬೇಕು. ನೀವು ಚಿಪ್ ತಿರುಗಿಸಿದಾಗ ಆ ತುಂಡು ಪಕ್ಕಕ್ಕೆ ವಾಲುತ್ತದೆ, ವಾಲಿದ್ದನ್ನು ಅಳೆದರೆ ತಿರುಗಿದ ವೇಗ ಗೊತ್ತಾಗುತ್ತದೆ. ತೂಗಿಸೋದಕ್ಕೆ ಮೋಟಾರೂ ಇಲ್ಲ, ಅಯಸ್ಕಾಂತವೂ ಇಲ್ಲ. ಎರಡು ಬಾಚಣಿಗೆಗಳ ಹಲ್ಲನ್ನು ಒಂದರೊಳಗೊಂದು ಮುಟ್ಟದ ಹಾಗೆ ತೂರಿಸಿಟ್ಟ ರಚನೆ ಇದೆ, ಅಷ್ಟೇ. ನಡುವೆ ವೋಲ್ಟೇಜ್ ಕೊಟ್ಟರೆ ಒಂದು ಇನ್ನೊಂದನ್ನು ಎಳೆಯುತ್ತದೆ. ಇದನ್ನು 1989ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಟ್ಯಾಂಗ್, ನುಯೆನ್, ಹೋವ್ ಎಂಬ ಸಂಶೋಧಕರು ಮಾಡಿ ತೋರಿಸಿದರು. ತೊಂದರೆ ಏನಪ್ಪಾ ಅಂದ್ರೆ ಈ ಎಳೆತ ತೀರಾ ಸಣ್ಣದು. ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ ವೋಲ್ಟೇಜ್ ಏರಿಸೋದೇ ಸುಲಭದ ದಾರಿ.

ಹಾಗಂತ ಬಾಚಣಿಗೆಗೆ 15 ವೋಲ್ಟ್ ಕೊಟ್ಟು, ತೆಗೆದು, ಮತ್ತೆ ಕೊಟ್ಟು ತೂಗಿಸಿದರೆ ದುಬಾರಿ. ಲೆಕ್ಕಕ್ಕೆ ಬಾಚಣಿಗೆಯ ಕೆಪಾಸಿಟೆನ್ಸ್ 10 ಪಿಕೋಫ್ಯಾರಡ್, ತೂಗೋದು ಸೆಕೆಂಡಿಗೆ 20,000 ಸಲ ಅಂತ ಇಟ್ಟುಕೊಳ್ಳಿ. 45 ಮೈಕ್ರೋವಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಅದರ ಬದಲು ತೂಗಾಡುವ ತುಂಡಿಗೆ 15 ವೋಲ್ಟ್ ಕಾಯಂ ಆಗಿ ಕೊಟ್ಟು, ಎದುರಿನ ಬಾಚಣಿಗೆಯಲ್ಲಿ ಬರೀ 1 ವೋಲ್ಟ್ ಏರಿಳಿಸಿದರೆ? ಒಂದು ಬದಿಯಲ್ಲಿ 16ರ ವರ್ಗ 256, ಇನ್ನೊಂದು ಬದಿಯಲ್ಲಿ 14ರ ವರ್ಗ 196. ವ್ಯತ್ಯಾಸ 60. ಕಾಯಂ 15 ಇಲ್ಲದೆ 1 ವೋಲ್ಟ್ ಒಂದನ್ನೇ ಕೊಟ್ಟಿದ್ದರೆ ಸಿಗುತ್ತಿದ್ದದ್ದು 1! ಈಗ ಏರಿಳಿಯೋದು ಮೇಲೆ 1, ಕೆಳಗೆ 1, ಒಟ್ಟು 2 ವೋಲ್ಟ್ ಮಾತ್ರ ಆದ್ದರಿಂದ ಖರ್ಚು 0.8 ಮೈಕ್ರೋವಾಟ್‌ಗೆ ಇಳಿಯಿತು. 15 ವೋಲ್ಟ್ ಅಲ್ಲೇ ಕೂತಿರುತ್ತದೆ, ಅದರಿಂದ ಕರೆಂಟ್ ಹರಿಯೋದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಟ್ಯಾಂಕ್ ತುಂಬಿದೆ, ನಲ್ಲಿ ಯಾರೂ ತಿರುಗಿಸುತ್ತಿಲ್ಲ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಜಾಣತನ ಇರೋದು ಇಲ್ಲೇ.

ಸರಿ, 3 ವೋಲ್ಟ್‌ನಿಂದ (ಲೆಕ್ಕ ಸುಲಭವಾಗಲಿ ಅಂತ 3.3ನ್ನು 3 ಅಂದುಕೊಳ್ಳೋಣ) 15 ಹೇಗೆ? ಮೋಲ್ಡ್ ಹಾಕುವ ದಿನ ಕಾಂಕ್ರೀಟ್ ಬಾಂಡ್ಲಿ ಕೈಯಿಂದ ಕೈಗೆ ಮೇಲೆ ಹೋಗೋದನ್ನು ನೋಡಿರುತ್ತೀರಿ. ಚಾರ್ಜ್ ಪಂಪ್ ಅನ್ನೋ ಸರ್ಕ್ಯೂಟ್ ಅದೇ ಕೆಲಸ ಮಾಡುತ್ತದೆ. ಒಂದು ಕೆಪಾಸಿಟರ್ ತುಂಬಿಸಿ, ಅದರ ಬುಡವನ್ನು 3 ವೋಲ್ಟ್ ಮೇಲಕ್ಕೆತ್ತಿ, ಮುಂದಿನದಕ್ಕೆ ಸುರಿಯೋದು. ಚಿಪ್ ಒಳಗೆ ಇದಕ್ಕೆ ಒಗ್ಗುವ ರೂಪವನ್ನು ಡಿಕ್ಸನ್ ಎಂಬ ಎಂಜಿನಿಯರ್ 1976ರಲ್ಲಿ ಪ್ರಕಟಿಸಿದರು. ಮೊದಲಿನ 3ಕ್ಕೆ ಇಂಥ ನಾಲ್ಕು ಮೆಟ್ಟಿಲು ಸೇರಿದರೆ ಮೂರೈದಲಿ ಹದಿನೈದು. ಆದರೆ ನಡುವೆ, ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಹಾಕಿದರೆ ಪ್ರತಿಯೊಂದೂ 0.6 ವೋಲ್ಟ್‌ನಷ್ಟು ಸುಂಕ ಕೇಳುತ್ತದೆ. ಐದು ಡಯೋಡ್‌ಗೆ 3 ವೋಲ್ಟ್ ಹೋಯಿತು. ಅದಕ್ಕೇ ಈಗಿನವರು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವ ಟ್ರಾನ್ಸಿಸ್ಟರ್‌ಗಳನ್ನು ಹಾಕುತ್ತಾರೆ.

ನಿಜವಾದ ಸೋರಿಕೆ ಬೇರೆ ಕಡೆ ಇದೆ. ಚಿಪ್ ಮೇಲಿನ ಪ್ರತಿ ಕೆಪಾಸಿಟರ್‌ನ ಕೆಳಗಿನ ತಟ್ಟೆ ಮತ್ತು ಸಿಲಿಕಾನ್ ನೆಲದ ನಡುವೆ ಯಾರೂ ಕೇಳದ ಇನ್ನೊಂದು ಕೆಪಾಸಿಟರ್ ತಾನಾಗಿ ಹುಟ್ಟಿಕೊಂಡಿರುತ್ತದೆ. ಪಂಪ್ ಒಂದೊಂದು ಸಲ ಬಡಿದಾಗಲೂ ಅದು ತುಂಬಿ ಖಾಲಿಯಾಗುತ್ತದೆ, ಮೇಲೆ ಯಾರಿಗೂ ಕರೆಂಟ್ ಬೇಡದಿದ್ದರೂ ಸಹ. ಹಾಗಾಗಿ ಆನ್ ಮಾಡಿದ ಹೊಸದರಲ್ಲಿ ಜೋರಾಗಿ ಬಡಿದು, ವೋಲ್ಟೇಜ್ ಏರಿದ ಮೇಲೆ ನಿಧಾನ ಮಾಡುವುದು, ಇಲ್ಲವೇ ನಿಲ್ಲಿಸಿ ಬೇಕಾದಾಗ ಮಾತ್ರ ಒಂದೆರಡು ಸಲ ಬಡಿಯುವುದು ವಾಡಿಕೆ. ಇದಕ್ಕೂ ಬೆಲೆ ಇದೆ: ಹಾಗೆ ಬಿಟ್ಟು ಬಿಟ್ಟು ಬಡಿದರೆ ವೋಲ್ಟೇಜ್ ಸ್ವಲ್ಪ ನಡುಗುತ್ತದೆ, ಆ ನಡುಕ ಅಳತೆಗೂ ಸೇರಿಕೊಳ್ಳುತ್ತದೆ.

ಇನ್ನೊಂದು ಕಳ್ಳ ಇದ್ದಾನೆ. ವೋಲ್ಟೇಜ್ 15 ಮುಟ್ಟಿತಾ ಅಂತ ನೋಡಲು 10 ಮೆಗಾಓಮ್‌ನ ರೆಸಿಸ್ಟರ್ ಸರಪಳಿ ಹಾಕಿದಿರಿ ಅನ್ನಿ. ಹರಿಯೋದು 1.5 ಮೈಕ್ರೋಆಂಪ್ ತಾನೇ ಅನ್ನಿಸುತ್ತದೆ. ಆದರೆ ಐದು ಪಟ್ಟು ಏರಿಸುವ ಪಂಪ್ ಕೆಳಗೆ ಐದು ಪಟ್ಟು ಕರೆಂಟ್ ಕೇಳುತ್ತದೆ. 7.5 ಮೈಕ್ರೋಆಂಪ್ ಆಯಿತು, 3 ವೋಲ್ಟ್‌ನಲ್ಲಿ 22.5 ಮೈಕ್ರೋವಾಟ್! ತೂಗಿಸಲು ಬೇಕಾದ 0.8ರ ಇಪ್ಪತ್ತೈದು ಪಟ್ಟಿಗೂ ಜಾಸ್ತಿ, ಅದೂ ಬರೀ ನೋಡೋದಕ್ಕೆ. ಅದಕ್ಕೇ ಅಲ್ಲಿ ರೆಸಿಸ್ಟರ್ ಬದಲು ಕೆಪಾಸಿಟರ್‌ಗಳಿಂದ ವೋಲ್ಟೇಜ್ ಹಂಚಿ ನೋಡುವುದು ವಾಸಿ.

ಈ ಪಾಠ ನನಗೆ ಲೆಕ್ಕದಿಂದ ಬರಲಿಲ್ಲ, ಮಲ್ಟಿಮೀಟರ್‌ನಿಂದ ಬಂತು. ಕುತೂಹಲಕ್ಕೆ, ಪಂಪಿನ ವೋಲ್ಟೇಜ್ ಹೊರಗೆ ಸಿಗುವ ಆ 2.2 ನ್ಯಾನೋಫ್ಯಾರಡ್ ಕೆಪಾಸಿಟರ್‌ನ ಪಿನ್‌ಗೆ ಮೀಟರ್ ಹಿಡಿದೆ, ಗೈರೋ ಓದುವ ಅಂಕಿಗಳು ತಲೆಕೆಟ್ಟಂತೆ ಓಡಾಡಿದವು. ನನ್ನ ಮೀಟರ್ ಒಳಗಿನ ರೆಸಿಸ್ಟೆನ್ಸ್ ಎಷ್ಟು ಗೊತ್ತಾ? ಅದೇ 10 ಮೆಗಾಓಮ್. ನೀವು ಹಿಡಿಯಬೇಡಿ. ಆ ಕೆಪಾಸಿಟರ್ ಬದಲಿಸುವುದಾದರೆ ಡೇಟಾಶೀಟ್ ಹೇಳಿದ ಎಕ್ಸ್7ಆರ್ ಬಗೆಯ ಸೆರಾಮಿಕ್, 50 ವೋಲ್ಟ್‌ನದ್ದೇ ಹಾಕಿ. ಇಂಥ ಸೆರಾಮಿಕ್ ಕೆಪಾಸಿಟರ್‌ಗಳ ಮೇಲೆ ವೋಲ್ಟೇಜ್ ಏರಿದ ಹಾಗೆ ಅವುಗಳ ಕೆಪಾಸಿಟೆನ್ಸ್ ಇಳಿಯುತ್ತದೆ. ಕಡಿಮೆ ವೋಲ್ಟ್‌ನದ್ದು ಸುಡದೇ ಇದ್ದರೂ 2.2 ಅಂತ ಬರೆದದ್ದು 2.2 ಆಗಿ ಉಳಿದಿರಲ್ಲ.