ಇನ್‌ಸ್ಟಾಲ್ ಪಟ್ಟಿ ಹಿಂದಕ್ಕೆ ಸರಿದರೆ ಗಾಬರಿ ಬೇಡ

ವಿಂಡೋಸ್‌ನಲ್ಲಿ ಹೊಸ ಸಾಫ್ಟ್‌ವೇರ್ ಹಾಕುವಾಗ ಹಸಿರು ಪಟ್ಟಿ ಮುಕ್ಕಾಲು ಭಾಗ ತುಂಬಿ, ಇದ್ದಕ್ಕಿದ್ದಂತೆ ಹಿಂದಕ್ಕೆ ಸರಿಯುತ್ತದೆ. ಕೊನೆಗೆ 1603 ಅನ್ನೋ ಸಂಖ್ಯೆ. ತಕ್ಷಣ ಯಾರಾದರೂ 'ವೈರಸ್ ಇರಬೇಕು, ಫಾರ್ಮ್ಯಾಟ್ ಮಾಡಿ' ಅನ್ನುತ್ತಾರೆ. ದಯವಿಟ್ಟು ಸುಮ್ನೆ ಫಾರ್ಮ್ಯಾಟ್ ಮಾಡಬೇಡಿ! ಪಟ್ಟಿ ಹಿಂದಕ್ಕೆ ಬಂತು ಅಂದರೆ ಒಳಗೆ ಬಹಳ ಜಾಣತನದ ಕೆಲಸ ನಡೀತಿದೆ ಅಂತ.

1990ರ ದಶಕದಲ್ಲಿ ಒಂದೊಂದು ಕಂಪನಿಯ ಸೆಟಪ್ ಒಂದೊಂದು ರೀತಿ ಇರುತ್ತಿತ್ತು. ಒಂದು ಸಾಫ್ಟ್‌ವೇರ್ ಬಂದು ಇನ್ನೊಂದಕ್ಕೂ ಬೇಕಾದ ಡಿಎಲ್‌ಎಲ್ ಫೈಲಿನ (ಹಲವು ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ಕೋಡ್ ಫೈಲು) ಮೇಲೆ ತನ್ನದನ್ನು ಬರೆದುಬಿಟ್ಟರೆ ಎರಡನೆಯದು ಕೆಡುತ್ತಿತ್ತು, 'ಡಿಎಲ್‌ಎಲ್ ಹೆಲ್' ಅಂತ ಆಗ ಎಲ್ಲರೂ ಬೈದದ್ದು ಇದನ್ನೇ. 1999ರಲ್ಲಿ ಆಫೀಸ್ 2000 ಜೊತೆ ಮೈಕ್ರೋಸಾಫ್ಟ್ 'ವಿಂಡೋಸ್ ಇನ್‌ಸ್ಟಾಲರ್' ತಂದಿತು. ಎಂಎಸ್‌ಐ ಫೈಲುಗಳನ್ನು, ಅಂದರೆ ಹೆಸರಿನ ಕೊನೆಯಲ್ಲಿ .msi ಇರುವ ಸೆಟಪ್ ಫೈಲುಗಳನ್ನು, ನಡೆಸುವುದು ಅದೇ.

ಅದು ಮೊದಲು ಯಾವ ಫೈಲನ್ನೂ ಮುಟ್ಟುವುದಿಲ್ಲ. ಏನೇನು ಮಾಡಬೇಕು ಅಂತ ಒಂದು ಸ್ಕ್ರಿಪ್ಟ್ ಬರೆದುಕೊಳ್ಳುತ್ತದೆ. ಆಮೇಲೆ ಅದನ್ನು ನಡೆಸುತ್ತಾ, ಪ್ರತಿ ಹೆಜ್ಜೆಗೂ ವಾಪಸ್ ಬರುವ ದಾರಿಯನ್ನು ಇನ್ನೊಂದು ಸ್ಕ್ರಿಪ್ಟ್‌ನಲ್ಲಿ ಬರೆದಿಡುತ್ತದೆ, ತೆಗೆದ ಹಳೆಯ ಫೈಲುಗಳನ್ನು ಕಾನ್‌ಫಿಗ್ ಡಾಟ್ ಎಂಎಸ್‌ಐ ಅನ್ನೋ ಅಡಗಿದ ಫೋಲ್ಡರಿನಲ್ಲಿ ಜೋಪಾನ ಮಾಡುತ್ತದೆ. ಹೊಲಿಗೆ ತಪ್ಪಿದರೆ ಕೊನೆಯಿಂದ ಒಂದೊಂದೇ ಬಿಚ್ಚುತ್ತಾ ಬರುತ್ತೇವಲ್ವಾ, ಹಾಗೆ ಇದೂ ಮಾಡಿದ್ದನ್ನೆಲ್ಲ ಉಲ್ಟಾ ಕ್ರಮದಲ್ಲಿ ತೆಗೆಯುತ್ತದೆ. ಪಟ್ಟಿ ಹಿಂದಕ್ಕೆ ಸರಿಯುವುದು ಆಗಲೇ, ಇದರ ಹೆಸರು ರೋಲ್‌ಬ್ಯಾಕ್. ನಡುವೆ ಪವರ್ ಬಟನ್ ಒತ್ತಬೇಡಿ, ವಾಪಸ್ ಬರುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಇನ್ನು 1603. ಅದರ ಅರ್ಥ 'ಏನೋ ದೊಡ್ಡ ತಪ್ಪಾಯಿತು' ಅಂತ ಅಷ್ಟೆ, ಕಾರಣ ಅದರಲ್ಲಿ ಇಲ್ಲ. ಆ ಸಂಖ್ಯೆಯನ್ನೇ ಹಿಡಿದು ಹುಡುಕಿದರೆ ನೂರು ಪರಿಹಾರ ಸಿಗುತ್ತವೆ, ನಿಮ್ಮದು ಯಾವುದು ಅಂತ ಗೊತ್ತಾಗುವುದಿಲ್ಲ. ಕಾರಣ ಲಾಗ್ ಫೈಲಿನಲ್ಲಿ, ಅಂದರೆ ನಡೆದದ್ದನ್ನೆಲ್ಲ ಬರೆದಿಡುವ ಫೈಲಿನಲ್ಲಿ, ಇರುತ್ತದೆ. ಕಮಾಂಡ್ ಪ್ರಾಂಪ್ಟಿನಿಂದ (ಆಜ್ಞೆ ಟೈಪ್ ಮಾಡುವ ವಿಂಡೋ) ಎಂಎಸ್‌ಐ ಎಕ್ಸೆಕ್ (msiexec) ನಡೆಸುವಾಗ ಸ್ಲ್ಯಾಶ್ ಎಲ್ ಸ್ಟಾರ್ ವಿ (/l*v) ಅಂತ ಸೇರಿಸಿ, ಮುಂದೆ ಒಂದು ಫೈಲಿನ ಹೆಸರು ಕೊಡಿ. ಲಾಗ್ ಉದ್ದ ಇರುತ್ತದೆ, ಪೂರ್ತಿ ಓದಬೇಕಿಲ್ಲ. ಇಂಗ್ಲಿಷ್ ವಿಂಡೋಸ್ ಆದರೆ 'ರಿಟರ್ನ್ ವ್ಯಾಲ್ಯೂ 3' (ಆ ಹೆಜ್ಜೆ ವಿಫಲವಾಯಿತು ಅನ್ನೋ ಗುರುತು, return value 3) ಅಂತ ಮೊದಲ ಸಲ ಎಲ್ಲಿ ಬರುತ್ತದೋ ಹುಡುಕಿ, ಅದರ ಮೇಲಿನ ಕೆಲವು ಸಾಲು ನೋಡಿ. ಅನುಮತಿ ಇಲ್ಲದ ಫೋಲ್ಡರೋ, ಬೇರೆ ಪ್ರೋಗ್ರಾಂ ಹಿಡಿದಿಟ್ಟ ಫೈಲೋ, ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಎಲ್ಲ ಸಂಖ್ಯೆಗೂ ಇಷ್ಟು ಕಷ್ಟಪಡಬೇಕಿಲ್ಲ. 1618 ಬಂದರೆ ಇನ್ನೊಂದು ಇನ್‌ಸ್ಟಾಲ್ ನಡೀತಿದೆ, ಅದು ಮುಗಿಯಲಿ. 3010 ಅಂತೂ ತಪ್ಪೇ ಅಲ್ಲ: ಸಾಫ್ಟ್‌ವೇರ್ ಕೂತಿದೆ, ಒಂದು ಸಲ ರೀಸ್ಟಾರ್ಟ್ ಮಾಡಿ.