ಮೂರ್ಛೆ ಹೋಗದ ಮೂರ್ಛೆ ರೋಗ

ಮೂರ್ಛೆ ಅಂದ್ರೆ ಎಚ್ಚರ ತಪ್ಪೋದು. ಹಾಗಾದ್ರೆ ಎಚ್ಚರ ಇದ್ದಾಗಲೇ ಬರುವ ಮೂರ್ಛೆಗೆ ಏನನ್ನೋಣ? ಪೇಚು ಪದದಲ್ಲೇ ಇದೆ, ಅಲ್ವಾ? ಬಿದ್ದಿಲ್ಲ, ಬಾಯಲ್ಲಿ ನೊರೆ ಬಂದಿಲ್ಲ, ನನಗೆಲ್ಲಿಯ ಫಿಟ್ಸ್ ಅಂತ ಜನ ಸುಮ್ನೆ ಇದ್ದುಬಿಡುತ್ತಾರೆ.

ಜಮಖಂಡಿಯ ನಮ್ಮ ಚಿಗವ್ವ ರೊಟ್ಟಿ ಬಡಿಯುತ್ತಾ ಕೂತಿದ್ದಳು. ಬಲಗೈ ಹೆಬ್ಬೆರಳು ಪಟಪಟ ಅದುರತೊಡಗಿತು. "ತಮ್ಮಾ, ಬಳ್ಳು ತಾನ ಕುಣ್ಯಾಕತ್ತೈತಿ ನೋಡು" ಅಂದಳು. ನೋಡ್ತಾ ಇದ್ದ ಹಾಗೆ ಅದು ಮುಂಗೈಗೆ, ಮೊಳಕೈಗೆ, ಆಮೇಲೆ ಬಾಯಿಯ ಬಲತುದಿಗೆ ಹತ್ತಿತು. ಅಷ್ಟರಲ್ಲೂ ಹಂಚಿನ ಮೇಲಿನ ರೊಟ್ಟಿ ಸೀದೀತು ಅಂತ ಎಡಗೈಯಲ್ಲಿ ತಿರುವಿ ಹಾಕಿದಳು! ಒಂದು ನಿಮಿಷದೊಳಗೆ ಎಲ್ಲ ನಿಂತಿತು, ಆದರೆ ಅರ್ಧ ಗಂಟೆ ಆ ಕೈಯಲ್ಲಿ ಬಲವೇ ಇರಲಿಲ್ಲ. ನರ ಎಳೆದಿದೆ ಅಂತ ಮನೆಯವರು ಎಣ್ಣೆ ತಿಕ್ಕಿದರು. ಮೂರನೇ ಸಲ ಬಂದಾಗ ಮೊಬೈಲಲ್ಲಿ ವಿಡಿಯೋ ಮಾಡಿಕೊಂಡು ವಿಜಯಪುರದ ಡಾಕ್ಟರಿಗೆ ತೋರಿಸಿದೆವು, ಆಗಲೇ ಅದರ ಹೆಸರು ಗೊತ್ತಾಗಿದ್ದು: ಫೋಕಲ್ ಅವೇರ್ ಸೀಜರ್.

ಸೀಜರ್ ಅಂದ್ರೆ ಫಿಟ್ಸ್. ಫೋಕಲ್ ಅಂದ್ರೆ ಮಿದುಳಿನ ಒಂದು ಕಡೆಯಿಂದ ಶುರುವಾದದ್ದು. ಅವೇರ್ ಅಂದ್ರೆ ಆ ಹೊತ್ತಿನಲ್ಲಿ ತಾನು ಯಾರು, ಸುತ್ತ ಏನು ನಡೀತಿದೆ ಅನ್ನೋ ಅರಿವು ಇರೋದು. ಮಾತು ಹೊರಡದೆ ಇರಬಹುದು, ಅರಿವು ಮಾತ್ರ ಇರುತ್ತದೆ. ಮೊದಲು ಇದಕ್ಕೆ ಸಿಂಪಲ್ ಪಾರ್ಷಿಯಲ್ ಸೀಜರ್ ಅಂತಿದ್ದರು. ಅನುಭವಿಸೋರಿಗೆ ಅದರಲ್ಲಿ ಸಿಂಪಲ್ ಏನಿದೆಯೋ! 2017ರಲ್ಲಿ ಹೆಸರು ಬದಲಾಯಿತು. ಅದುರು ಹೀಗೆ ಬೆರಳಿಂದ ಸಾಲಾಗಿ ಮೇಲೇರೋದನ್ನ 19ನೇ ಶತಮಾನದಲ್ಲೇ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಅನ್ನೋ ಇಂಗ್ಲಿಷ್ ಡಾಕ್ಟರು ಗಮನಿಸಿ, ಮಿದುಳಿನಲ್ಲಿ ಮೈಯ ಒಂದೊಂದು ಭಾಗಕ್ಕೂ ಒಂದೊಂದು ಜಾಗ ಇದೆ ಅಂತ ಊಹಿಸಿದ್ದರು.

ಎಲ್ಲರಿಗೂ ಕೈ ಅದುರಲೇಬೇಕು ಅಂತೇನಿಲ್ಲ. ಕೆಲವರಿಗೆ ಹೊಟ್ಟೆಯಿಂದ ಏನೋ ಎದೆಗೆ ಏರಿದಂತೆ, ಇಲ್ಲದ ಸುಟ್ಟ ವಾಸನೆ, ಕಾರಣವಿಲ್ಲದ ಭಯ, ಇದೆಲ್ಲ ಹಿಂದೆಯೇ ನಡೆದಿತ್ತಲ್ಲ ಅನ್ನೋ ಭಾಸ. ಪಕ್ಕದಲ್ಲಿ ಕೂತವರಿಗೂ ಗೊತ್ತಾಗಲ್ಲ. ಗ್ಯಾಸ್ ಅಂತಾರೆ, ಗಾಳಿ ಸೋಂಕು ಅಂತಾರೆ. ದೊಡ್ಡ ಫಿಟ್ಸ್‌ಗೆ ಮುಂಚೆ ಬರುವ 'ಆರಾ' ಅನ್ನೋದೂ ಬರೀ ಮುನ್ಸೂಚನೆ ಅಲ್ಲ, ಅದೇ ಒಂದು ಚಿಕ್ಕ ಫಿಟ್ಸ್. ಮಿದುಳಿನ ಸಣ್ಣ ಜಾಗದಲ್ಲಿ ನಡೆಯೋದರಿಂದ ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಪರೀಕ್ಷೆಯಲ್ಲಿ ಕಾಣದೇನೂ ಹೋಗಬಹುದು.

ಚಿಗವ್ವನ ಮಿದುಳಿನ ಸ್ಕ್ಯಾನಿನಲ್ಲಿ ಲಾಡಿಹುಳದ ಮರಿಯ ಗುಳ್ಳೆ ಕಂಡಿತು, ಫಿಟ್ಸಿಗೆ ಅದೇ ಕಾರಣ. "ನಾವು ಮಾಂಸಾ ಮುಟ್ಟೂದಿಲ್ಲರಿ" ಅಂತ ಅವಳಿಗೆ ಸಿಟ್ಟು. ಆದರೆ ಹುಳ ಇರುವ ಮನುಷ್ಯರ ಮಲದಲ್ಲಿ ಮೊಟ್ಟೆ ಹೊರಬರುತ್ತವೆ. ಅವು ಮಣ್ಣು, ನೀರು ಸೇರಿ, ರೊಟ್ಟಿ ಜೊತೆ ನಾವು ಹಸಿದೇ ತಿನ್ನುವ ಮೆಂತ್ಯ, ಹಕ್ಕರಕಿ ಸೊಪ್ಪಿನ ಮೂಲಕವೂ ಹೊಟ್ಟೆ ಸೇರಬಹುದು. ಈಗ ಸೊಪ್ಪನ್ನ ಮೂರು ಸಲ ತೊಳೀತಾಳೆ. ಫಿಟ್ಸಿನ ಗುಳಿಗೆ ತಾನಾಗಿ ಬಿಡಬಾರದು ಅಂತ ಡಾಕ್ಟರು ಹೇಳಿದ್ದಾರೆ.

ಬಂದಾಗ ಕೂರಿಸಿ, ಹೊತ್ತು ನೋಡಿಕೊಳ್ಳಿ, ಒಲೆಯಿಂದ ದೂರ ಸರಿಸಿ. ಐದು ನಿಮಿಷ ದಾಟಿದರೆ ಅಥವಾ ಎಚ್ಚರ ತಪ್ಪಿ ಮೈಯೆಲ್ಲ ಅದುರಿದರೆ ಆಸ್ಪತ್ರೆಗೆ ಓಡಿ. ಪಕ್ಕದ ಮನೆಯಾಕೆ ಕಬ್ಬಿಣದ ಕೀಲಿ ತಂದು ಕೈಗಿಡಲು ಬಂದಾಗ ಚಿಗವ್ವ ಅಂದದ್ದು: "ನಾ ಎಚ್ಚರ ಅದೀನವಾ, ಕೀಲಿ ನಿಮ್ಮ ತಿಜೋರಿಗೆ ಹಾಕ್ಕೋ ಹೋಗು."